ಸುರಂಗದ ಮೊದಲ ಕೊಡ

ಸೊಕ್ಕೆಯ ಉಚ್ಚಂಗೆಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರು ಹೇಳುತ್ತಾರೆ. ಹೇಳಲಿ. ಅವನ ಜಾಗದಲ್ಲಿ ಸಿಟ್ಟು ಬರದವನು ಮನುಷ್ಯನೇ ಅಲ್ಲ.

ಅವನೂ ತಮ್ಮ ಕೊಟ್ರೇಶನೂ ಬಾವಿ ತೋಡುವವರು. ಆ ಕೆಲಸಕ್ಕೊಂದು ಪದ್ಧತಿಯಿತ್ತು: ನೀರು ಬಿದ್ದ ದಿನ ಮೊದಲ ಕೊಡ ನೀರು ಬಾವಿ ತೋಡಿದವನಿಗೆ ಸಲ್ಲಬೇಕು. ಅವನು ಕೆಲಸದ ನಡುವೆ ತೀರಿಕೊಂಡಿದ್ದರೆ ಆ ಕೊಡ ಅವನ ಮನೆ ಬಾಗಿಲಿಗೆ ಹೋಗಬೇಕು. ಅಲ್ಲಿಯವರೆಗೆ ಬಾವಿಯ ಯಜಮಾನನೂ ಬಾಯಿ ಒದ್ದೆ ಮಾಡಿಕೊಳ್ಳುವಂತಿರಲಿಲ್ಲ.

ಬೋರ್‌ವೆಲ್ ಬಂದು ಬಾವಿ ಕೇಳುವವರಿಲ್ಲದಾಗ ಅಣ್ಣತಮ್ಮ ನಗರದ ಸುರಂಗ ಕೆಲಸಕ್ಕೆ ಹೋದರು. ಹಳೆಯ ರೈಲು ನಿಲ್ದಾಣವನ್ನು ಮೆಟ್ರೋಗೆ ಕೂಡಿಸುವ, ಎರಡೇ ನಿಲ್ದಾಣಗಳ ಮೋಟು ದಾರಿ. ಅದರ ನಟ್ಟನಡುವಿನ ತಿರುವಿನಲ್ಲಿ ಮಣ್ಣು ಕುಸಿದು ಕೊಟ್ರೇಶ್ ಸತ್ತ.

ಉದ್ಘಾಟನೆಯ ದಿನ ಉಚ್ಚಂಗೆಪ್ಪ ತಮ್ಮನ ಹೆಂಡತಿ ಅಂಬಿಕಾಳನ್ನು ಕರೆದುಕೊಂಡು ನಗರಕ್ಕೆ ಬಂದ. ಮೊದಲ ರೈಲಿನಲ್ಲಿ ಅವಳಿಗೊಂದು ಜಾಗ ಇದ್ದೇ ಇರುತ್ತದೆ ಎಂದು ನಂಬಿದ್ದ. ಯಾರನ್ನೂ ಕೇಳಿರಲಿಲ್ಲ. ಮೊದಲ ಕೊಡವನ್ನು ಯಾರಾದರೂ ಕೇಳಿ ಪಡೆಯುತ್ತಾರೆಯೇ?

ಗೇಟಿನಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ. "ಪಾಸ್ ಇದೆಯೇನ್ರೀ?"

"ತೋಡಿದೋರು ನಾವು. ಇವಳ ಗಂಡ ಒಳಗೇ ಸತ್ತಾನೆ. ಮೊದಲು ಇವಳು ಹತ್ತಬೇಕು."

"ಇವತ್ತು ಗಣ್ಯರಿಗೆ ಮಾತ್ರ. ನಾಳೆ ಟಿಕೆಟ್ ತಗೊಂಡು ಬನ್ನಿ, ಯಾರು ಬೇಡ ಅಂತಾರೆ?"

"ಅವನು ಸಾಯಾಕೆ ಹೋದಾಗ ಪಾಸ್ ಕೇಳಿದ್ರೇನ್ರೀ? ನಿಮಗೆ ಒಬ್ಬರಿಗಾದ್ರೂ ನಾಚಿಕೆ ಐತಾ?"

ಹಾರ ಹಾಕಿಸಿಕೊಂಡವರು ಅವರನ್ನು ದಾಟಿ ಒಳಗೆ ಹೋದರು. ಉಚ್ಚಂಗೆಪ್ಪನ ಮೈಯೆಲ್ಲ ಉರಿಯಿತು. ಕೂಗಾಡಿದ. ಪೊಲೀಸರು ರಟ್ಟೆ ಹಿಡಿದು ಅವನನ್ನು ರಸ್ತೆಗೆ ತಂದು ಬಿಟ್ಟರು.

"ಊರಿಗೆ ನಡಿಯವ್ವ. ಈ ಹಾಳು ರೈಲಿನ ಮುಖ ನೋಡಾದು ಬ್ಯಾಡ."

ಅಂಬಿಕಾ ಕದಲಲಿಲ್ಲ. "ಮೊದಲು ಹತ್ತಾಕೆ ನಾನು ಬರಲಿಲ್ಲ ಭಾವ. ಅವರು ಜೀವ ಬಿಟ್ಟ ಜಾಗ ನೋಡಾಕೆ ಬಂದೀನಿ."

ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆದು, ಮರುದಿನ ಟಿಕೆಟ್ ಕೊಂಡು ಹತ್ತಿದರು. ಕಿಟಕಿಯಾಚೆ ಬರೀ ಕತ್ತಲು. ತಿರುವಿನಲ್ಲಿ ರೈಲು ಓಲಾಡಿತು. ಉಚ್ಚಂಗೆಪ್ಪ ಕೈ ಎತ್ತಿ 'ಇಲ್ಲೇ' ಎನ್ನುವಷ್ಟರಲ್ಲಿ ನಿಲ್ದಾಣದ ದೀಪಗಳು ಬಂದವು, ಬಾಗಿಲು ತೆರೆಯಿತು. ಜನ ಗಡಿಬಿಡಿಯಲ್ಲಿ ಇಳಿದು ಹೋದರು.

"ಯಾವ್ದು ಭಾವ? ನನಗೆ ಕಾಣಲೇ ಇಲ್ಲ."

ಸಿಬ್ಬಂದಿಯೊಬ್ಬ ಬಂದು ಇಳಿಯಿರಿ ಎಂದ. ಉಚ್ಚಂಗೆಪ್ಪ ಅಂಬಿಕಾಳ ಮುಂದೆ ಅಡ್ಡ ನಿಂತ.

"ನೀನು ಕೂತ್ಕಳವ್ವ," ಎಂದು ಗುಡುಗಿದ. "ಇದು ತಿರುಗಿ ಅಲ್ಲಿಗೇ ಹೋಗಬೇಕಲ್ಲ. ನಿನಗೆ ಕಾಣೋತನಕ ನಮ್ಮನ್ನ ಯಾರು ಇಳಿಸ್ತಾರೋ ನಾನೂ ನೋಡ್ತೀನಿ."