ಜೇಡಿಯ ಕೆಳಗಿನ ನೀರು

ಅವನಿಗೆ ಹೆಗ್ಗಣ ಅಂತ ಹೆಸರಿಟ್ಟವನು ಅವನ ಭಾವ. ನೆಲ ಕೊರೆದು, ಒಳಗಿನ ಮಣ್ಣನ್ನು ಕೊಳವೆಯಲ್ಲಿ ಎತ್ತಿ, ವಿಷ ಎಲ್ಲಿಯವರೆಗೆ ಇಳಿದಿದೆ ಎಂದು ಪರೀಕ್ಷಿಸುವ ಕಂಪನಿಯಲ್ಲಿ ಅವನು ಯಂತ್ರ ನಡೆಸುತ್ತಿದ್ದ. "ಹೆಗ್ಗಣ ಪುಕ್ಕಟೆ ಮಾಡೋ ಕೆಲಸಕ್ಕೆ ಇವನಿಗೆ ಸಂಬಳ ಬೇರೆ ಕೊಡ್ತಾರೆ," ಎಂದು ಭಾವ ಬಂದವರ ಮುಂದೆಲ್ಲ ಹೇಳುತ್ತಿದ್ದ. ಬಂದವರು ನಗುತ್ತಿದ್ದರು. ಅಕ್ಕನೂ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳು. ಅವಳ ನಗುವೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಆದರೂ ರಜೆ ಸಿಕ್ಕಾಗೆಲ್ಲ ಹೋಗಿ, ಮೂಲೆಯಲ್ಲಿ ಕೂತು, ತಾನೂ ಹಲ್ಲು ಕಿರಿಯುತ್ತಿದ್ದ. ಮಾನ ಇದ್ದವನು ಬೇರೆ ಮನೆ ನೋಡಿಕೊಳ್ಳುತ್ತಿದ್ದ. ತನ್ನ ಬಾಡಿಗೆ ಕೋಣೆ ಬಿಟ್ಟರೆ ಇವನಿಗೆ ಹೋಗಲು ಬೇರೆ ಮನೆಯೇ ಇರಲಿಲ್ಲ.

ಅಕ್ಕನ ಹಿತ್ತಲ ಗೋಡೆಯಾಚೆ ಮುಚ್ಚಿಹೋದ ಒಂದು ಲಾಂಡ್ರಿ ಕಾರ್ಖಾನೆ. ಬಟ್ಟೆಯ ಕಲೆ ತೆಗೆಯುವ ದ್ರಾವಣವನ್ನು ಅಲ್ಲಿಯವರು ವರ್ಷಗಟ್ಟಲೆ ನೆಲಕ್ಕೇ ಚೆಲ್ಲಿದ್ದರು. ಬೋರ್‌ವೆಲ್ ನೀರು ಕೆಟ್ಟಿರಬಹುದು ಎಂಬ ಗುಮಾನಿ ಹಬ್ಬಿದ ಮೇಲೆ ಬೀದಿಯವರೆಲ್ಲ ದೂರದ ನಲ್ಲಿಯಿಂದ ಕ್ಯಾನು ಹೊರತೊಡಗಿದರು. ಅಕ್ಕನ ಮಗಳಿಗೆ ಕೈಗೂಸು. ಅದರ ಹಾಲಿನ ಪುಡಿ ಕಲಸುವುದಕ್ಕೂ ಹೊತ್ತು ತಂದ ನೀರೇ ಆಗಬೇಕು. ಕೊನೆಗೆ ತನಿಖೆಗೆಂದು ಯಂತ್ರ ಬಂತು. ಅದನ್ನು ನಡೆಸುತ್ತಿದ್ದವನು ಹೆಗ್ಗಣ.

"ನೀನೇ ನೋಡಿ ಹೇಳಪ್ಪ," ಎಂದಳು ಅಕ್ಕ ಗೋಡೆಯ ಮೇಲಿಂದ. "ಬೇರೆಯವರ ಮಾತು ನಂಗೆ ಬೇಡ. ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ."

ಭಾವನೂ ಪಕ್ಕದಲ್ಲಿ ನಿಂತಿದ್ದ, ನಗದೆ. ಹುಟ್ಟಿದಾಗಿನಿಂದ ಯಾರೂ ಹೆಗ್ಗಣನ ಮಾತಿಗೆ ಕಾದು ನಿಂತವರಲ್ಲ. ಅದು ಅವನ ತಲೆಗೇರಿತು.

ಆ ದ್ರಾವಣ ನೀರಿಗಿಂತ ಭಾರ. ಇಳಿಯುತ್ತ ಇಳಿಯುತ್ತ ಗಟ್ಟಿ ಜೇಡಿಮಣ್ಣಿನ ಪದರ ಸಿಕ್ಕಲ್ಲಿ ತಂಗುತ್ತದೆ. ಅದಕ್ಕೇ ಜೇಡಿ ಸಿಕ್ಕ ಕೂಡಲೇ ಕೊರೆಯುವುದನ್ನು ನಿಲ್ಲಿಸಬೇಕು. ಕೆಳಗೆ ಹೋಗಲೇಬೇಕಾದರೆ ಮೊದಲು ಹೊರಕೊಳವೆ ಇಳಿಸಿ, ಸುತ್ತ ನೀರು ಹೀರಿ ಉಬ್ಬುವ ಮಣ್ಣು ತುಂಬಿ, ಅದು ಬಿಗಿಯುವ ತನಕ ಕಾಯಬೇಕು. ಹೆಗ್ಗಣನಿಗೆ ಇದೆಲ್ಲ ಬಾಯಿಪಾಠ. ಕೆಲಸದ ಉಸ್ತುವಾರಿಯ ಇಂಜಿನಿಯರಮ್ಮ ಬೆಳಿಗ್ಗೆ ಮತ್ತೊಮ್ಮೆ ಹೇಳಿಯೂ ಇದ್ದಳು: "ಜೇಡಿ ಮುಟ್ಟಿದ್ರೆ ಅಲ್ಲಿಗೇ ನಿಲ್ಸಿ. ಕೆಳಗಿಂದು ಆಮೇಲೆ ನೋಡೋಣ."

ಆಮೇಲೆ ಅಂದರೆ ಯಾವಾಗಲೋ. ಅಕ್ಕನಿಗೆ ಉತ್ತರ ಇವತ್ತೇ ಬೇಕಿತ್ತು. ನಿಜ ಹೇಳಬೇಕೆಂದರೆ, ಬೇಕಿದ್ದದ್ದು ಇವನಿಗೆ. ಆತುರಗಾರನಿಗೆ ಬುದ್ಧಿ ಮಟ್ಟ. ಇಂಜಿನಿಯರಮ್ಮ ಆ ಕಡೆ ಹೋದದ್ದೇ ತಡ, ಜೇಡಿಯನ್ನು ಸೀಳಿಕೊಂಡು ಕೆಳಗಿಳಿದ. ಬೋರ್‌ವೆಲ್‌ಗೆ ನೀರು ಕೊಡುವ ಪದರದ ಒದ್ದೆ ಮರಳು ಮೇಲೆ ಬಂತು. ವಾಸನೆ ಇಲ್ಲ, ದ್ರಾವಣದ ಆವಿ ಅಳೆಯುವ ಮೀಟರು ಹಿಡಿದರೆ ಮುಳ್ಳು ಅಲ್ಲಾಡಲಿಲ್ಲ. ಕೊಳವೆ ಎಳೆದುಕೊಂಡು, ತೂತಿಗೆ ಅಗೆದ ಮಣ್ಣನ್ನೇ ಸುರಿದು, ಕಾಲಿನಿಂದ ತುಳಿದ. ಇಂಜಿನಿಯರಮ್ಮನಿಗೆ ಜೇಡಿಯ ತನಕ ಮಾತ್ರ ಹೋದೆ ಎಂದ. ಅಕ್ಕನಿಗೆ ಹೇಳಿದ್ದು ಬೇರೆ.

"ಕೆಳಗೆ ಚೊಕ್ಕವಾಗಿದೆ ಅಕ್ಕ. ನಿಶ್ಚಿಂತೆಯಾಗಿ ಕುಡೀರಿ."

ಅವತ್ತಿನಿಂದ ಅವನ ದೆಸೆ ಬದಲಾಯಿತು. "ನಮ್ಮ ಬಾಮೈದ, ಭೂಮಿಯೊಳಗಿಂದೆಲ್ಲ ಗೊತ್ತು ಇವನಿಗೆ," ಎಂದು ಭಾವ ನೆರೆಯವರಿಗೆ ಪರಿಚಯ ಮಾಡಿಕೊಟ್ಟ. ಬೀದಿಯ ಕ್ಯಾನುಗಳೆಲ್ಲ ಅಟ್ಟ ಸೇರಿದವು. ಅವನು ಒಂದಿಷ್ಟು ದಪ್ಪಗೂ ಆದ.

ಇಂಜಿನಿಯರಮ್ಮ ಕ್ರಮವಾಗಿ ಕೆಳಗಿನ ನೀರನ್ನು ಪರೀಕ್ಷೆಗೆ ತೆಗೆಸಿದ್ದು ತಿಂಗಳುಗಳ ಮೇಲೆ. ಎಲ್ಲೆಲ್ಲೂ ದ್ರಾವಣ, ಅವನು ಕೊರೆದ ಜಾಗದ ಅಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು.

"ಜೇಡಿ ದಾಟಿದ್ರಾ?" ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

"ನೀವು ಕೊರೆಯೋ ತನಕ ಬೋರ್‌ವೆಲ್ ನೀರು ಚೆನ್ನಾಗೇ ಇತ್ತು. ಅದಕ್ಕೂ ಮುಂಚೆ ತೆಗೆದಿಟ್ಟಿದ್ದ ನೀರಿನಲ್ಲಿ ಏನೂ ಇರಲಿಲ್ಲ. ಮೇಲಿದ್ದದ್ದಕ್ಕೆ ನೀವೇ ದಾರಿ ಮಾಡಿಕೊಟ್ರಿ."

ಗುಂಡಿ ತೋಡಿದವನು ತಾನೇ ಬೀಳುತ್ತಾನೆ ಅನ್ನುತ್ತಾರೆ. ಇವನು ಅದರೊಳಗೆ ಇಡೀ ಬೀದಿಯನ್ನು ಬೀಳಿಸಿದ್ದ. ಬೇರೆಯವರು ಹೋಗಿ ಹೇಳುವ ಮೊದಲು ತಾನೇ ಅಕ್ಕನ ಮನೆಗೆ ಹೋದ. ಜೇಡಿ ಸೀಳಿದ್ದು, ಸುಳ್ಳು ಹೇಳಿದ್ದು, ಒಂದನ್ನೂ ಮುಚ್ಚಿಡದೆ ಹೇಳಿದ. ಹಾಲು ಹೀರುತ್ತಿದ್ದ ಮಗುವಿನ ಬಾಯಿಂದ ಅಕ್ಕನ ಮಗಳು ಬಾಟಲಿ ಕಿತ್ತುಕೊಂಡಳು. ಮಗು ಕಿರುಚಿಕೊಂಡಿತು.

ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಕೈ ತಾನಾಗಿಯೇ ಚೀಲಕ್ಕೆ ಹೋಗಿ ತನ್ನ ನೀರಿನ ಬಾಟಲಿ ತೆಗೆಯಿತು. ಈ ಕಸುಬಿನವರು ಕೊರೆಯುವ ಜಾಗದ ನೀರು ಕುಡಿಯುವುದಿಲ್ಲ. ಎಲ್ಲಿ ಕೆಲಸವಿದ್ದರೂ ತಮ್ಮ ಮನೆಯದ್ದನ್ನೇ ಹೊತ್ತು ತರುತ್ತಾರೆ. ಅವನು ಏನನ್ನೂ ಯೋಚಿಸದೆ ಗಟಗಟ ಕುಡಿದ. ಬಾಟಲಿ ಇಳಿಸಿದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನೀನು ದಿನಾ ಮನೆಯಿಂದ ನೀರು ತರ್ತೀಯಾ?" ಎಂದಳು ಅಕ್ಕ.

"ಅದು ಕೆಲಸದ ರೂಢಿ ಅಕ್ಕ."

"ಚೊಕ್ಕವಾಗಿದೆ ಅಂದ್ಮೇಲೆ ನಮ್ಮನೇಲಿ ಯಾವತ್ತಾದ್ರೂ ಈ ನೀರು ಕುಡಿದಿದ್ಯಾ?"

ಅವನು ನೆನಪು ಮಾಡಿಕೊಳ್ಳಲು ನೋಡಿದ. ಒಂದು ಸಲವೂ ನೆನಪಾಗಲಿಲ್ಲ.

"ಗೊತ್ತಿಲ್ದೆ ತಪ್ಪು ಮಾಡಿದ್ರೆ ಕ್ಷಮಿಸ್ತಿದ್ದೆ ಕಣೋ, ನನ್ನ ಕೈಲಿ ಬೆಳೆದೋನು ಅಂತ," ಎಂದಳು ಅಕ್ಕ. "ನೀನು ಗೊತ್ತಿದ್ದೇ ಕುಡಿಸಿದ್ದೀಯ."

ಅಲ್ಲ ಅಕ್ಕ ಎನ್ನಲು ಅವನು ಬಾಯಿ ತೆರೆದ. ಅವಳು ಆಗಲೇ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದಳು.