ಸೂಕ್ಷ್ಮದರ್ಶಕದಲ್ಲಿ ವರಪರೀಕ್ಷೆ

೧೯೬೧ರ ಜನವರಿ ಹದಿನೆಂಟು. ಹುಬ್ಬಳ್ಳಿಯಲ್ಲಿ ಒಣ ಚಳಿ. ನನ್ನ ರಕ್ತಪರೀಕ್ಷೆಯ ಕೋಣೆಗೆ ಉಣಕಲ್ಲಿನ ತರುಣ ಮಾಸ್ತರರೊಬ್ಬರು ಕೆಮ್ಮುತ್ತ ಬಂದರು. ಜೊತೆಗೆ ಅವರಿಗೆ ನಿಶ್ಚಯವಾದ ಹುಡುಗಿಯ ಸೋದರಮಾವ. ಕ್ಷಯವಿದ್ದರೆ ಮದುವೆ ಇಲ್ಲವೆಂದು ಮಾವ ಮೊದಲೇ ಹೇಳಿಬಿಟ್ಟರು.

ಕಫದಲ್ಲಿ ಕ್ಷಯದ ಸುಳಿವಿರಲಿಲ್ಲ. ರಕ್ತದಲ್ಲಿ ಮಾತ್ರ ಇಯೋಸಿನೋಫಿಲ್ ಎಂಬ, ಬಣ್ಣ ಹಾಕಿದರೆ ಒಳಗೆ ಕೆಂಪು ಕಾಳು ತೋರುವ ಬಿಳಿಕಣಗಳ ಸಂತೆಯೇ ನೆರೆದಿತ್ತು. ಮಾವನಿಗೆ ನನ್ನ ಮಾತು ಸಾಲಲಿಲ್ಲ. ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಒಳಗ ಕೆಂಪು ಕಾಳು ತುಂಬಿದವು ವೈರಿಗಳೇನ್ರಿ?"

"ಅಲ್ರಿ, ಮೈ ಕಾಯೋವು. ಅತಿಯಾಗಿ ಫುಪ್ಪುಸದಾಗ ಸೇರಿ ಉರಿ ಎಬ್ಬಿಸ್ಯಾವ. ಡಾಕ್ಟರು ಗುಳಿಗಿ ಕೊಟ್ರ ಇಳೀತಾವ."

"ಅಂದ್ರ ಬೀಗರಿದ್ದಂಗ! ನೆರವಿಗಂತ ಬಂದು ಮನಿ ತುಂಬ ಗದ್ದಲ!"

ಮಾವ ನಕ್ಕರು. ಭಾವೀ ಬೀಗರ ಮಗನಾದ ಮಾಸ್ತರರೂ ನಕ್ಕು ನಕ್ಕು ಕೆಮ್ಮಿದರು. ನನಗೂ ತಡೆಯಲಾಗಲಿಲ್ಲ.

"ಹುಡುಗ ಪಸಂದ ಬಂದಾನ," ಎಂದು ಮಾವ ಕುರ್ಚಿಯಲ್ಲಿ ಆರಾಮಾಗಿ ಕೂತರು. "ಇನ್ನ ಉಪ್ಪಿಟ್ಟು ತರಸ್ರಿ."

"ನಾನಾ?"

"ನೋಡೋ ಶಾಸ್ತ್ರ ನಿಮ್ಮಲ್ಲೇ ಆತಲ್ರಿ!"

ಸಂಜೆ ಇದನ್ನೆಲ್ಲ ಕೇಳಿದ ನನ್ನ ಹೆಂಡತಿ, "ಛಲೋ ಆತು. ಕಡೀಕ ಏನ ಕೊಟ್ರು?" ಎಂದಳು.

"ಪೂರಾ ಫೀ ಕೊಟ್ರು. ನಾನು ಅದನ್ನ ಪೂರಾ ಉಪ್ಪಿಟ್ಟಿಗೆ ಕೊಟ್ಟೆ."