ಚೀಲವನ್ನೇ ಮದ್ದೆಂದು ನಂಬಿದ ನಕ್ಷೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಔಷಧ ಕಾರ್ಖಾನೆಯ ಉಗ್ರಾಣದ ಹಿಂದಿನ ಕೋಣೆಯಲ್ಲಿ, ಬಂದ ಪುಡಿಗಳನ್ನು ಪರೀಕ್ಷಿಸುವುದರಿಂದ ಎಲ್ಲರ ಬಾಯಲ್ಲೂ ಪುಡಿಯಕ್ಕ ಆಗಿರುವವರು ಮೂಗು ಬಾಯಿ ಮುಚ್ಚಿಕೊಂಡು ಎರಡು ಪುಡಿಗಳ ಚೀಲ ಅದಲುಬದಲು ಮಾಡುತ್ತಿದ್ದಾರೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿದ್ದ ಮದ್ದು ತೆಳು ಚೀಲಕ್ಕೆ, ತೆಳು ಚೀಲದಲ್ಲಿದ್ದ ತುಂಬುಪುಡಿ ದಪ್ಪ ಚೀಲಕ್ಕೆ. ಟಾರ್ಚಿನಂಥ ಯಂತ್ರದ ಮೂತಿಯನ್ನು ಚೀಲಕ್ಕೆ ಒತ್ತಿ ಗುಂಡಿ ಅದುಮುತ್ತಾರೆ. ಪರದೆಯ ಮೇಲೆ ಚುಕ್ಕೆ ಮೂಡುತ್ತದೆ, ಮೂಡಬಾರದ ಕಡೆಯೇ.

"ಹಾಳಾಗ್ಹೋಗ್ಲಿ. ತಿಂಗಳುಗಟ್ಟಲೆ ಹೊಳೇಲಿ ಹುಣಸೆಹಣ್ಣು ತೊಳೆದಿದೀನಿ" ಎಂದು ಕುರ್ಚಿಗೆ ಒರಗುತ್ತಾರೆ.

ಇಲ್ಲಿ ತಯಾರಾಗುವುದು ಮೂರ್ಛೆರೋಗದ ಮಾತ್ರೆ. ಅದರ ಮದ್ದೂ ಬಿಳಿ, ಮಾತ್ರೆಯ ಗಾತ್ರಕ್ಕೆಂದು ಬೆರೆಸುವ ತುಂಬುಪುಡಿಯೂ ಬಿಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಸಂಬಳಕ್ಕಾಗಿ ದಿನವೂ ಸಾಬೀತು ಮಾಡುವುದೇ ಈಕೆಯ ಕೆಲಸ. ಯಂತ್ರ ಪುಡಿಯ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಎಷ್ಟು ಮರಳಿತು ಎಂದು ನೂರಾರು ಅಂಕಿಗಳಲ್ಲಿ ಹೇಳುತ್ತದೆ. ಅಷ್ಟು ಅಂಕಿಗಳನ್ನು ಯಾರು ಓದಿಯಾರು? ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಎಂಬ ಲೆಕ್ಕ ಅವುಗಳಲ್ಲಿ ಅತಿ ಹೆಚ್ಚು ವ್ಯತ್ಯಾಸ ಎಲ್ಲಿದೆಯೋ ಅದನ್ನು ಹೆಕ್ಕಿ, ಒಂದೊಂದು ಮಾದರಿಯನ್ನೂ ಒಂದೊಂದು ಚುಕ್ಕೆ ಮಾಡಿ ನಕ್ಷೆಯ ಮೇಲೆ ಇಡುತ್ತದೆ. ಒಂದೇ ಜಾತಿಯವು ಒಂದೆಡೆ ಗುಂಪುಗೂಡುತ್ತವೆ.

"ದೊಡ್ಡ ವ್ಯತ್ಯಾಸ ಹಿಡಿಯುತ್ತೆ, ನಿಜ. ಅದು ನಮಗೆ ಬೇಕಾದ ವ್ಯತ್ಯಾಸಾನಾ ಅಂತ ಅದಕ್ಕೇನು ಗೊತ್ತು?" ಎನ್ನುತ್ತಾರೆ ಪುಡಿಯಕ್ಕ.

ಮಾದರಿ ತೆಗೆಯಲು ಡ್ರಮ್ಮಿನೊಳಗಿನ ಚೀಲ ಬಿಚ್ಚಿದರೆ ಧೂಳು ಏಳುತ್ತದೆಂದು ಉಗ್ರಾಣದವರು ಗೊಣಗಿದ್ದರು. ಹೋಗಲಿ ಎಂದು ಈಕೆಯೂ ಚೀಲದ ಮೇಲಿಂದಲೇ ಅಳೆದರು. ಮದ್ದು ಸದಾ ಬರುವುದು ದಪ್ಪ ಚೀಲದಲ್ಲಿ, ತುಂಬುಪುಡಿ ತೆಳು ಚೀಲದಲ್ಲಿ. ನಕ್ಷೆಯಲ್ಲಿ ಎರಡು ಗುಂಪು ಎಷ್ಟು ಅಂದವಾಗಿ ಬೇರೆಯಾದವೆಂದರೆ ಈಕೆಗೇ ಅನುಮಾನ ಬಂತು. ಅದಕ್ಕೇ ಇವತ್ತು ಕೋಳಿ ಕೂಗುವ ಮೊದಲೇ ಬಂದು ಈ ಪರೀಕ್ಷೆ. ಸೋಮವಾರದಿಂದ ಈ ನಕ್ಷೆ ನೋಡಿಯೇ ಪುಡಿಗಳನ್ನು ಒಪ್ಪಿಕೊಳ್ಳಲಿದ್ದಾರೆ. ಆಮೇಲೆ ಚೀಲ ಬಿಚ್ಚಿ ನೋಡುವವರೇ ಇರುವುದಿಲ್ಲ.

ಈಕೆಯ ಗಂಡ ಬಸ್ ಚಾಲಕ. "ನಿನ್ನ ಚುಕ್ಕೆಗಳಿಗಿಂತ ನನ್ನ ಪ್ರಯಾಣಿಕರೇ ವಾಸಿ, ಹೇಳಿದ ಕಡೆ ಇಳೀತಾರೆ" ಎಂದು ರೇಗಿಸುತ್ತಾನೆ. ಕಿಟಕಿಯಿಲ್ಲದ ಕೋಣೆ, ಸದಾ ಒಣಗಿದ ಗಂಟಲು, ಊಟದ ಹೊತ್ತಿಗೂ ಕೈಗೆ ಅಂಟಿದ ಕೈಗವಸಿನ ವಾಸನೆ. ಮಾತ್ರೆ ಕೆಲಸ ಮಾಡಿದರೆ ಹೆಸರು ವೈದ್ಯರಿಗೆ. ಪುಡಿಯಕ್ಕ ಎಂಬುವರು ಇದ್ದಾರೆಂದು ಜನರಿಗೆ ತಿಳಿಯಬೇಕಾದರೆ ಏನಾದರೂ ಎಡವಟ್ಟೇ ಆಗಬೇಕು.

ಮ್ಯಾನೇಜರ್ ಬಂದಾಗ ಪುಡಿಯಕ್ಕನ ಸಿಟ್ಟು ಇನ್ನೂ ಇಳಿದಿಲ್ಲ.

"ಇಷ್ಟು ಚೆನ್ನಾಗಿ ಬೇರೆಯಾಗಿವೆಯಲ್ಲಮ್ಮ, ಇನ್ನೇನು ಬೇಕು?"

"ಬೇರೆಯಾಗಿರೋದು ಪುಡಿ ಅಲ್ಲ ಸಾರ್, ಚೀಲ."

"ಮದ್ದು ದಪ್ಪ ಚೀಲದಲ್ಲೇ ತಾನೆ ಬರೋದು?"

"ಬರೋವರೆಗೂ ಸರಿ. ಒಂದಿನ ತುಂಬುಪುಡೀನೇ ದಪ್ಪ ಚೀಲದಲ್ಲಿ ಬಂತು ಅನ್ಕೊಳ್ಳಿ. ಮಾತ್ರೆ ನುಂಗಿದ್ದೀನಿ ಅನ್ನೋ ಧೈರ್ಯದಲ್ಲಿ ಒಬ್ಬ ಮೆಟ್ಟಿಲು ಹತ್ತುತ್ತಿರ್ತಾನೆ. ಅಲ್ಲೇ ಮೂರ್ಛೆ ಬಂದ್ರೆ?"

ಮ್ಯಾನೇಜರ್ ಗಡಿಯಾರ ನೋಡುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಗಿ, ಈಕೆ ಯಂತ್ರವನ್ನು ಅವರ ಕೈಗೇ ಕೊಡುತ್ತಾರೆ. ಅವರು ತುಂಬುಪುಡಿ ತುಂಬಿದ ದಪ್ಪ ಚೀಲಕ್ಕೆ ಮೂತಿ ಒತ್ತುತ್ತಾರೆ. ಚುಕ್ಕೆ ನೇರ ಹೋಗಿ ಮದ್ದಿನ ಗುಂಪಿನ ನಡುವೆ ಕೂರುತ್ತದೆ. ಪರದೆಯಲ್ಲಿ ಹಸಿರು ದೀಪ, ಅಂದರೆ ಇದು ಮದ್ದೇ ಎಂದು. ಅವರು ಮತ್ತೊಮ್ಮೆ ಒತ್ತುತ್ತಾರೆ. ಮತ್ತೆ ಹಸಿರು.

"ಸೋಮವಾರ ಬೇಡ ಬಿಡಿ" ಎಂದು ಹೇಳಿ ಹೊರಡುತ್ತಾರೆ.

ಸುದ್ದಿ ಹಬ್ಬಿದ್ದೇ ತಡ, ಉಗ್ರಾಣದವರ ಮುಖ ಗಂಟಾಗುತ್ತದೆ. ಡ್ರಮ್ಮಿನೊಳಗಿನ ಚೀಲಗಳನ್ನೆಲ್ಲ ಮತ್ತೆ ಬಿಚ್ಚಬೇಕು, ಪುಡಿಯನ್ನು ಒಂದೇ ಬಗೆಯ ಗಾಜಿನ ಸೀಸೆಗೆ ಹಾಕಿ ಅಳೆಯಬೇಕು. "ಅಕ್ಕಾ, ನೀವು ಸುಮ್ನೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದು ಒಬ್ಬ ಕೇಳಿಯೇ ಬಿಡುತ್ತಾನೆ. ಈಕೆ ಅವನ ಕೈಗೊಂದು ಮುಖಗವಸು ತುರುಕುತ್ತಾರೆ.

ಈ ಕೆಲಸದಲ್ಲಿ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪುಡಿಯಕ್ಕ ಮೊದಲ ಡ್ರಮ್ಮಿನ ಮುಚ್ಚಳ ಸಡಿಲಿಸುತ್ತಲೇ ಹೇಳುತ್ತಾರೆ:

"ಹೊಸ ನಕ್ಷೆ ಮುಗಿದ ಮೇಲೆ ನನಗಿಂತ ಹಟಮಾರಿ ಒಬ್ಬರು ಬಂದು ಅದನ್ನ ಕೆಡವೋಕೆ ನೋಡ್ಲಿ. ಅವರ ಕೈಲೂ ಆಗ್ಲಿಲ್ಲ ಅಂದ್ರೆ, ಆಗ ಆ ಮಾತ್ರೆ ಯಾರಾದ್ರೂ ನುಂಗ್ಲಿ."